ಬಾಗಿಲಿಗೆ ಕಟ್ಟಿದ ಭೂತ

ಹೋದ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ನನ್ನ ಮಗಳು ಶಾಲೆಯಿಂದ ಒಂದು ಚೀಟಿಯನ್ನು ತಂದಳು. 'ಹ್ಯಾಲೊವೀನ್' ಎಂಬ ಪಾಶ್ಚಾತ್ಯರ ಹಬ್ಬದ ನಿಮಿತ್ತ ಮಕ್ಕಳು ಮನೆಯಲ್ಲಿ ಸಿಗುವ ಸಾಮಾನುಗಳಿಂದಲೇ ಒಂದು ಭಯಂಕರವಾದ ಅಲಂಕಾರವನ್ನು ಮಾಡಿ ಬಾಗಿಲಿಗೆ ಕಟ್ಟಬೇಕೆಂದು ಅದರಲ್ಲಿ ಬರೆದಿತ್ತು. "ಅಪ್ಪಾ, ಒಂದು ಕೆಂಪು ಕುಂಬಳಕಾಯಿ ಬೇಕು. ಅದಕ್ಕೆ ಕಣ್ಣು, ಹಲ್ಲು ಕೊರೀಬೇಕು" ಎಂದಳು. ನಾನು ಕನ್ನಡದ ಉಪನ್ಯಾಸಕ, ಇಂಥ ಮಾತಿಗೆ ಸಿಟ್ಟು ಬರಬೇಕಾದದ್ದು ನನ್ನ ಧರ್ಮ, ಬಂದಿತು ಕೂಡ. ಆದರೆ ನನ್ನ ಭಾಷಣ ಆರಂಭವಾಗುವ ಮೊದಲೇ ಅಡಿಗೆಮನೆಯಿಂದ ನಮ್ಮ ಅವ್ವನ ಧ್ವನಿ ಕೇಳಿತು: "ಅದಕ್ಯಾಕ ರೊಕ್ಕ ಹಾಳ ಮಾಡ್ತೀರಿ? ಬಾಗಲಾಗ ನೇತಾಡಾಕತ್ತೈತಲ್ಲ, ಅದನ್ನ ತೋರಿಸ್ರಿ."

ಬಾಗಿಲಲ್ಲಿ ನೇತಾಡುತ್ತಿದ್ದುದು ಮಹಾನವಮಿ ಅಮಾವಾಸ್ಯೆಯ ದಿನ ಅವಳೇ ಕಟ್ಟಿದ್ದ ಬೂದುಗುಂಬಳಕಾಯಿ. ಅರಿಶಿನ ಬಳಿದ ಮೈ, ಕಾಡಿಗೆಯ ಎರಡು ಕಣ್ಣು, ಕುಂಕುಮದ ಬಾಯಿ. ಇಪ್ಪತ್ತು ವರ್ಷಗಳಿಂದ ದಿನವೂ ಅಂಥದೊಂದರ ಕೆಳಗೆ ಹಾದು ಕಾಲೇಜಿಗೆ ಹೋಗುವ ನಾನು ಅದನ್ನು ಅಂದು ಮೊದಲ ಬಾರಿಗೆ ನೋಡಿದೆನೆಂದು ಹೇಳಬೇಕು.

ಆ ಪರದೇಶದ ಹಬ್ಬದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಪ್ರಾಚೀನ ಜನರಿಗೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಒಂದು ಹಬ್ಬವಿತ್ತು. ಅಂದು ಸತ್ತವರು ಈ ಲೋಕಕ್ಕೆ ಬಂದುಹೋಗುತ್ತಾರೆಂಬ ನಂಬಿಕೆಯೂ ಇತ್ತು. 9ನೆಯ ಶತಮಾನದ ಹೊತ್ತಿಗೆ ಪಶ್ಚಿಮ ಯುರೋಪಿನ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನವೆಂದು ಆಚರಿಸತೊಡಗಿದರು. ಅದರ ಹಿಂದಿನ ರಾತ್ರಿಯೇ ಹ್ಯಾಲೊವೀನ್. ಐರಿಷರು ಮೊದಲು ಮುಖ ಕೊರೆದು ದೀಪವಿಡುತ್ತಿದ್ದುದು ಕುಂಬಳಕಾಯಿಗಲ್ಲ, ಟರ್ನಿಪ್ ಗೆಡ್ಡೆಗೆ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಕ್ಷಾಮ ಬಿದ್ದಾಗ ಅವರು ಹಿಂಡುಹಿಂಡಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರ ಕೈಗೆ ದೊಡ್ಡದೂ ಮೆದುವೂ ಆದ ಕುಂಬಳ ಸಿಕ್ಕಿತು. ನಮ್ಮ ಸಂತೆಯ ಕೆಂಪು ಕುಂಬಳವೂ ಅಮೆರಿಕ ಮೂಲದ್ದೇ. ಕೊಲಂಬಸನ ತರುವಾಯ ಹಡಗು ಹತ್ತಿ ಬಂದದ್ದು. ಆದ್ದರಿಂದ 'ಇದು ನಮ್ಮದಲ್ಲ' ಎಂದು ನಾನು ಗುಡುಗಿದ್ದರೆ ನಮ್ಮ ಸಾರಿನ ಪಾತ್ರೆಯನ್ನೂ ಬಯ್ಯಬೇಕಾಗುತ್ತಿತ್ತು.

ಬೂದುಗುಂಬಳದ ಮಾತು ಬೇರೆ. ಅದು ಏಷ್ಯದ ಕಾಯಿ, ಸಂಸ್ಕೃತದವರ 'ಕೂಷ್ಮಾಂಡ'. ಸ್ವಾರಸ್ಯವೆಂದರೆ ಕೂಷ್ಮಾಂಡವೆಂಬ ಮಾತಿಗೆ ಕೋಶಗಳಲ್ಲಿ ಎರಡು ಅರ್ಥಗಳಿವೆ: ಒಂದು ಈ ಕಾಯಿ, ಇನ್ನೊಂದು ಭೂತಗಳ ಒಂದು ಪಂಗಡ. ಕಾಯಿಗೂ ಭೂತಕ್ಕೂ ಒಂದೇ ಹೆಸರಿಟ್ಟವರು ಅದನ್ನು ಬಾಗಿಲಿಗೆ ಕಟ್ಟಿದರೆ ಆಶ್ಚರ್ಯವೇನು? ಪ್ರಾಣಿಬಲಿಗೆ ಬದಲಾಗಿ ಒಡೆಯುವ ಕಾಯಿಯೂ ಇದೇ. ಆಯುಧಪೂಜೆಯ ದಿನ ಬಳ್ಳಾರಿಯ ಅಂಗಡಿಬೀದಿಗಳಲ್ಲಿ ಕುಂಕುಮ ತುಂಬಿ ಒಡೆದ ಹೋಳುಗಳ ಮೇಲೆ ಎಷ್ಟು ಮಂದಿ ಸೈಕಲ್ ಮೋಟಾರಿನವರು ಜಾರಿ ಬೀಳುತ್ತಾರೆಂಬುದನ್ನು ಬಲ್ಲವರು ಆ ಬಲಿ ಪೂರಾ ನಿಂತಿಲ್ಲವೆಂದು ನಗೆಯಾಡುವುದುಂಟು.

ಕಟ್ಟುವುದಕ್ಕೂ ಒಂದು ಕ್ರಮವಿದೆ. ತೊಟ್ಟು ಮುರಿದಿರಬಾರದು, ಮೈಮೇಲಿನ ಬೂದಿಯನ್ನು ತಿಕ್ಕಿ ತೊಳೆಯಬಾರದು. ಹಗ್ಗದ ನೆಲುವಿನಲ್ಲಿಟ್ಟು, ಗಾಳಿಯಾಡುವಂತೆ, ತಲೆಗೆ ತಾಗದಷ್ಟು ಎತ್ತರದಲ್ಲಿ ತೂಗಬೇಕು. ಆ ಬೂದಿ ಒಂದು ಬಗೆಯ ಮೇಣ. ಅದು ಇರುವವರೆಗೆ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಕಾಲದಲ್ಲಿ ಕೊಳೆತು ಸೋರಿದರೆ, ಯಾರದೋ ಕೆಟ್ಟ ಕಣ್ಣನ್ನು ಅದು ಹೀರಿಕೊಂಡಿತೆಂದು ಅವ್ವ ಹೇಳುತ್ತಾಳೆ. ತೊಟ್ಟು ಮುರಿದಿತ್ತೆಂದು ನಾನು ಹೇಳುತ್ತೇನೆ. ಹೊಸ ಕಾಯಿಯನ್ನು ತರುವವನು ಮಾತ್ರ ನಾನೇ.

ನನ್ನ ತಾಯಿಯ ತವರು ಸಿರುಗುಪ್ಪದ ಕಡೆ. ಹಗರಿಯೂ ತುಂಗಭದ್ರೆಯೂ ಕೂಡುವ ಆ ತಾಲ್ಲೂಕು ಭತ್ತದ ಸೀಮೆ. ಬಾಲ್ಯದಲ್ಲಿ ಅಲ್ಲಿಗೆ ಹೋದಾಗ ನಮಗೆ ವಹಿಸುತ್ತಿದ್ದ ಮೊದಲ ಕೆಲಸ ಹೊಲದ ಬೆದರುಬೊಂಬೆಯನ್ನು ಕಟ್ಟುವುದು. ಎರಡು ಕಟ್ಟಿಗೆಗಳನ್ನು ಅಡ್ಡಡ್ಡ ಬಿಗಿದು, ಹುಲ್ಲು ಸುತ್ತಿ, ಅಜ್ಜನ ಹರಕು ಅಂಗಿ ತೊಡಿಸಿ, ಒಲೆಯಲ್ಲಿ ಕರಿಗಟ್ಟಿದ ಗಡಿಗೆಯನ್ನು ಬೋರಲಾಗಿ ತಲೆಗಿಟ್ಟು, ಅದರ ಮೇಲೆ ಸುಣ್ಣದಿಂದ ಕಣ್ಣು ಬರೆಯುತ್ತಿದ್ದೆವು. ಹಕ್ಕಿಗಳು ನಾಲ್ಕು ದಿನ ಹೆದರಿ, ಐದನೆಯ ದಿನ ಅದರ ತೋಳಿನ ಮೇಲೆಯೇ ಕೂರುತ್ತಿದ್ದವು. "ಹಕ್ಕಿ ಕೂತವಲ್ಲ ತಾತ" ಎಂದು ನಾನು ದೂರಿದಾಗ ಅಜ್ಜ, "ಅದು ಹಕ್ಕಿಗಲ್ಲಪ್ಪ, ದಾರ್ಯಾಗ ಹೋಗೋರ ಕಣ್ಣಿಗೆ. ಬೆಳಿ ನೋಡೋಕಿಂತ ಮೊದಲ ಇದನ್ನ ನೋಡ್ಲಿ ಅಂತ" ಎಂದಿದ್ದರು. ವಿಕಾರವನ್ನು ಮುಂದೆ ನಿಲ್ಲಿಸಿ ಚೆಲುವನ್ನು ಕಾಯುವ ಯುಕ್ತಿ ಇದು. ಕಟ್ಟುತ್ತಿರುವ ಮನೆಯ ಮುಂದೆ ಮೀಸೆ ಹೊತ್ತು ನಾಲಗೆ ಚಾಚಿದ ದೃಷ್ಟಿಬೊಂಬೆ ನಿಲ್ಲುವುದೂ, ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಬೀಳುವುದೂ ಇದೇ ನ್ಯಾಯದಿಂದ.

ಈ ಯುಕ್ತಿ ಬಡವರ ಗುಡಿಸಲಿನದು ಮಾತ್ರವೆಂದು ತಿಳಿಯಬಾರದು. ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಲು ಹೋದವರು ಆ ಊರಿನ ಹಳೆಯ ಗುಡಿಗಳನ್ನೂ ಸುತ್ತಿ ಬರಬೇಕು. 12ನೆಯ ಶತಮಾನದಲ್ಲಿ ಸಿಂದ ಮನೆತನದ ಅರಸರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳಿದ ಊರು ಅದು. ಆ ಕಾಲದ ಕನ್ನಡನಾಡಿನ ಗುಡಿಗಳಲ್ಲಿ ಶಿಲ್ಪಿಗಳು ಮತ್ತೆ ಮತ್ತೆ ಕಡೆದ ಒಂದು ಮುಖವಿದೆ: ಹೊರಚಾಚಿದ ಕಣ್ಣುಗುಡ್ಡೆ, ಕೋರೆದಾಡೆ, ಕೆಳದವಡೆಯೇ ಇಲ್ಲದ ಬಾಯಿ. ಅದೇ ಕೀರ್ತಿಮುಖ. ಸ್ಕಾಂದಪುರಾಣದ ಕಥೆ ಹೀಗಿದೆ. ಜಲಂಧರನೆಂಬ ರಾಕ್ಷಸ ಪಾರ್ವತಿಯನ್ನು ಒಪ್ಪಿಸೆಂದು ರಾಹುವಿನ ಮೂಲಕ ಶಿವನಿಗೆ ಹೇಳಿಕಳುಹಿಸಿದ. ಶಿವನ ಹುಬ್ಬಿನ ನಡುವಿನಿಂದ ಒಂದು ಘೋರ ಭೂತ ಹುಟ್ಟಿ ರಾಹುವನ್ನು ನುಂಗಲು ಹೋಯಿತು. ರಾಹು ಶರಣಾದಾಗ ಶಿವ ತಡೆದ. 'ಹಸಿವು ತಾಳಲಾರೆ, ಏನು ತಿನ್ನಲಿ?' ಎಂದು ಭೂತ ಕೇಳಲು, 'ನಿನ್ನನ್ನೇ ತಿನ್ನು' ಎಂದ. ಅದು ಕಾಲು, ಕೈ, ಹೊಟ್ಟೆಗಳನ್ನೆಲ್ಲ ತಿಂದು ಮುಖವೊಂದನ್ನೇ ಉಳಿಸಿಕೊಂಡಿತು. ಮೆಚ್ಚಿದ ಶಿವ ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು, ತನ್ನ ಬಾಗಿಲಲ್ಲೇ ಇರೆಂದು ಹೇಳಿದ. ಅವ್ವನ ಕುಂಬಳಕಾಯಿಗೂ ಮುಖವೊಂದೇ, ಅದರ ಜಾಗವೂ ಬಾಗಿಲೇ.

ಇಷ್ಟನ್ನು ಮಗಳಿಗೆ ಹೇಳುತ್ತಿದ್ದಾಗ ಅವಳು, "ನೀವು ಸಣ್ಣವರಿದ್ದಾಗ ನೀವೂ ಏನಾದ್ರೂ ಮಾಡಿದ್ರಾ?" ಎಂದು ಕೇಳಿದಳು. ಮಾಡಿದ್ದೆವು.

1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರುಗಳಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಒಂದು ಹೆಣ್ಣುದೆವ್ವ ಮನೆಮನೆಗೂ ಬಂದು, ಒಳಗಿನವರ ನಂಟರ ಧ್ವನಿಯಲ್ಲಿ ಕರೆಯುವುದಂತೆ. ಬಾಗಿಲು ತೆರೆದವನು ಸಾಯುವನಂತೆ. ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ಹಿಂದಿರುಗುವುದು; ಮಾರನೆಯ ದಿನವೂ ಅದೇ ಬರಹ, ಮತ್ತೆ ಹಿಂದಿರುಗುವುದು. ಮುಂದೆ 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರ ಇದನ್ನೇ ಬಳಸಿಕೊಂಡಿತು. ಆಗ ನಮ್ಮ ಓಣಿಯಲ್ಲಿ ಅಕ್ಷರ ದುಂಡಗಿದ್ದ ಹುಡುಗ ನಾನು. ಸೀಮೆಸುಣ್ಣ ಹಿಡಿದು ಮನೆಮನೆಯ ಬಾಗಿಲಿಗೆ ಬರೆದೆ. ಆದರೆ ಬಳ್ಳಾರಿಯಲ್ಲವೆ! "ದೆವ್ವಕ್ಕ ಕನ್ನಡ ಬರ್ತೈತೋ ತೆಲುಗು ಬರ್ತೈತೋ?" ಎಂಬ ಪ್ರಶ್ನೆ ಎದ್ದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದಾಗ ಮುಗಿಯಿತೆಂದುಕೊಂಡಿದ್ದ ವಿವಾದ ನಮ್ಮ ಓಣಿಯಲ್ಲಿ ಹೀಗೆ ಮತ್ತೆ ತಲೆಯೆತ್ತಿತು. ಕೊನೆಗೆ ಕನ್ನಡದಲ್ಲಿ 'ನಾಳೆ ಬಾ', ಅದರ ಕೆಳಗೆ ತೆಲುಗಿನಲ್ಲಿ 'ರೇಪು ರಾ' ಎಂದು ಎರಡೂ ಬರೆದೆ. ಬಹುಮಾನವಾಗಿ ಶೇಂಗಾ ಉಂಡೆಗಳು ಬಂದವು.

ಓಣಿಯ ತುದಿಯಲ್ಲಿ ಒಬ್ಬ ವಿಧವೆ ಮುದುಕಿ ಒಬ್ಬಳೇ ಇದ್ದಳು. ಸಂಜೆಯಾದ ಮೇಲೆ ಯಾರ ಮನೆಗಾದರೂ ಹೋಗಿ ಒಂದು ತಂಬಿಗೆ ಮಜ್ಜಿಗೆ ಕೇಳುವುದು ಅವಳ ರೂಢಿ. ಆ ವಾರ ಯಾರೂ ಅವಳಿಗೆ ಬಾಗಿಲು ತೆರೆಯಲಿಲ್ಲ. ನಮ್ಮ ಮನೆಗೂ ಬಂದು, "ಅಕ್ಕಾ, ನಾನಬೇ" ಎಂದು ಕೂಗಿದಳು. ಗುರುತಿನ ಧ್ವನಿ, ಅದಕ್ಕೇ ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಅವಳಿಗೆ ಓದು ಬರುತ್ತಿರಲಿಲ್ಲ. ಬಾಗಿಲ ಮೇಲಿನ ನನ್ನ ದುಂಡನೆಯ ಅಕ್ಷರಗಳು ಅವಳಿಗೆ ಏನನ್ನೂ ಹೇಳಲಿಲ್ಲ. ಬಹಳ ಹೊತ್ತು ನಿಂತು ಹೋದಳು. ಮರುದಿನ ಅವ್ವ ತಾನೇ ಮಜ್ಜಿಗೆ ಒಯ್ದುಕೊಟ್ಟು ಬಂದು, ಒದ್ದೆ ಬಟ್ಟೆಯಿಂದ ನಮ್ಮ ಬಾಗಿಲನ್ನು ಒರೆಸಿದಳು. ಏಕೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಕುಂಬಳಕಾಯಿಯನ್ನು ಮಾತ್ರ ತೆಗೆಯಲಿಲ್ಲ. ಕಾಯಿ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ, ಯಾರನ್ನೂ ಹೋಗೆನ್ನುವುದಿಲ್ಲ ಎಂದು ಅವಳು ಎಣಿಸಿದ್ದಳೇನೋ. ಇದು ಈಗಿನ ನನ್ನ ಊಹೆ.

ಮಗಳಿಗೆ ಈ ಕೊನೆಯ ಭಾಗವನ್ನು ಹೇಳಲಿಲ್ಲ. ಇಬ್ಬರೂ ಕೂಡಿ ಅಟ್ಟದ ಮೇಲಿದ್ದ ಹಳೆಯ ಆಕಾಶಬುಟ್ಟಿಯನ್ನು ಇಳಿಸಿದೆವು. ಕಾಗದ ಹರಿದಿತ್ತು, ಬಿದಿರಿನ ಚೌಕಟ್ಟು ಗಟ್ಟಿಯಾಗಿತ್ತು. ಮೈದಾ ಹಿಟ್ಟಿನ ಅಂಟು ಕಾಯಿಸಿ, ಕಿತ್ತಳೆ ಬಣ್ಣದ ಹಾಳೆ ಅಂಟಿಸಿ, ಕಣ್ಣು ಹಲ್ಲುಗಳನ್ನು ಕತ್ತರಿಸಿ, ಒಳಗೆ ಸಣ್ಣ ವಿದ್ಯುದ್ದೀಪವನ್ನಿಟ್ಟಳು. ಅವ್ವ ಕಾಡಿಗೆಯಿಂದ ಹುಬ್ಬು ತೀಡಿಕೊಟ್ಟು, ಮೀಸೆಯಿಲ್ಲದಿದ್ದರೆ ಕಳೆಯಿಲ್ಲವೆಂದು ಮೀಸೆಯನ್ನೂ ಬರೆದಳು. ಕುಂಬಳಕಾಯಿಯ ಪಕ್ಕದಲ್ಲಿಯೇ ಅದನ್ನು ತೂಗಿದೆವು.

ಮರುದಿನ ನವೆಂಬರ್ 1. ರಾಜ್ಯೋತ್ಸವಕ್ಕೆಂದು ನಾನು ಬೆಳಿಗ್ಗೆ ಬೇಗನೆ ಹೊರಟಾಗ, ಬೀದಿಯ ತುಂಬ ಹಳದಿ-ಕೆಂಪು ಬಾವುಟಗಳು. ನಮ್ಮ ಬಾಗಿಲಲ್ಲಿ ಆ ದೀಪ ಇನ್ನೂ ಉರಿಯುತ್ತಿತ್ತು. ಹಾಲಿನವನು ಕತ್ತೆತ್ತಿ ನೋಡಿ, ಕೈ ಮುಗಿಯಬೇಕೋ ಬೇಡವೋ ಎಂಬ ಅನುಮಾನದಲ್ಲಿ, "ಅಮ್ಮಾ, ಇದು ಯಾವ ದೇವರು?" ಎಂದು ಕೇಳಿದ.

"ಇನ್ನಾ ಹೆಸರಿಟ್ಟಿಲ್ಲಪ್ಪ" ಎಂದಳು ಅವ್ವ, ಹಾಲಿನ ಪಾತ್ರೆ ಹಿಡಿಯುತ್ತ.