ಮುಂಬೈನಲ್ಲಿ ಕನ್ನಡ ಕಲಿಕೆ: ರಾತ್ರಿ ಶಾಲೆಯಿಂದ ಬ್ರೈಲ್‌ವರೆಗೆ, ಎಲ್ಲರನ್ನೂ ತಲುಪುವುದು ಹೇಗೆ?

ಮುಂಬೈ: ಹಗಲಿಡೀ ಹೋಟೆಲ್‌ಗಳಲ್ಲಿ ದುಡಿದು, ಸಂಜೆ ಪುಸ್ತಕ ಹಿಡಿದು ರಾತ್ರಿ ಶಾಲೆಗೆ ಹೋದವರ ದೊಡ್ಡ ಪರಂಪರೆಯೇ ಮುಂಬೈ ಕನ್ನಡಿಗರಲ್ಲಿದೆ. ಕರಾವಳಿಯಿಂದ ಕೆಲಸ ಅರಸಿ ಬಂದ ಹುಡುಗರಿಗೆ ಹಗಲಿನ ಶಾಲೆ ಎಟುಕುತ್ತಿರಲಿಲ್ಲ. ಹೀಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಘಟನೆಗಳು ರಾತ್ರಿ ಶಾಲೆ ನಡೆಸಿದವು. ಕಲಿಯುವವರ ಅನುಕೂಲಕ್ಕೆ ಶಾಲೆಯೇ ಸಮಯ ಬದಲಿಸಿಕೊಂಡಿತು. ಇಂದಿಗೂ ಬೇಕಿರುವುದು ಇದೇ ಧೋರಣೆ.

ಮನೆಮಾತು ಬೇರೆ, ಕಲಿಕೆ ಬೇರೆ

ಮುಂಬೈ ಕನ್ನಡಿಗರಲ್ಲಿ ಹಲವರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಕಲಿಯುವ ಭಾಷೆ. ಜೊತೆಗೆ ಬೀದಿಯಲ್ಲಿ ಹಿಂದಿ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಕನ್ನಡ ಮಾಧ್ಯಮದ ಮಗುವಿಗೂ ಒಂದೇ ಪಾಠಕ್ರಮ ಹೊಂದುವುದಿಲ್ಲ. ದೇವನಾಗರಿ ಬಲ್ಲ ಮಗುವಿಗೆ ಅಕ್ಷರಮಾಲೆಯ ಕ್ರಮ ಗೊತ್ತಿರುತ್ತದೆ. ಅಲ್ಲಿಂದಲೇ ಕನ್ನಡ ಲಿಪಿ ಆರಂಭಿಸಬಹುದು.

ದೃಷ್ಟಿದೋಷವಿದ್ದರೆ?

ಭಾರತಿ ಬ್ರೈಲ್‌ನಲ್ಲಿ ಮರಾಠಿಯ 'ಕ' ಮತ್ತು ಕನ್ನಡದ 'ಕ' ಅಕ್ಷರಕ್ಕೆ ಒಂದೇ ಚುಕ್ಕಿ ವಿನ್ಯಾಸ. ಮರಾಠಿ ಬ್ರೈಲ್ ಕಲಿತ ಮಗು ಕನ್ನಡಕ್ಕಾಗಿ ಬಹುತೇಕ ಹೊಸ ಲಿಪಿ ಕಲಿಯಬೇಕಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಲಿಪಿಗಳು ಬೆರಳಿಗೆ ಒಂದೇ. ಕೊರತೆ ಇದ್ದರೆ ಅದು ಪುಸ್ತಕ ಮತ್ತು ಕಲಿಸುವವರದ್ದು.

ಕಾನೂನು ಏನು ಹೇಳುತ್ತದೆ?

* ಸಂವಿಧಾನದ 350ಎ ವಿಧಿ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಪ್ರಯತ್ನಿಸಬೇಕು.
* ಶಿಕ್ಷಣ ಹಕ್ಕು ಕಾಯ್ದೆ 2009: ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ನಡೆಯಬೇಕು.
* ಅಂಗವಿಕಲರ ಹಕ್ಕುಗಳ ಕಾಯ್ದೆ 2016: ಸರ್ಕಾರಿ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಅಂಗವಿಕಲ ಮಕ್ಕಳಿಗೆ ಸಮನ್ವಯ ಶಿಕ್ಷಣ ಸಿಗಬೇಕು.

ಈಗ ಏನಿದೆ?

ಮುಂಬೈ ಮಹಾನಗರ ಪಾಲಿಕೆ ಶಾಲೆ ನಡೆಸುವ ಭಾಷೆಗಳಲ್ಲಿ ಕನ್ನಡವೂ ಒಂದು. ಕಲೀನಾದ ಮುಂಬೈ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಆರಂಭವಾದ ಕನ್ನಡ ವಿಭಾಗದಲ್ಲಿ ಎಂ.ಎ., ಪಿಎಚ್.ಡಿ. ಮಾಡಬಹುದು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ 'ಚಿಣ್ಣರ ಬಿಂಬ'ದಂತಹ ಸಂಸ್ಥೆಗಳು ಹಾಡು, ಭಜನೆಗಳ ಜೊತೆ ಕನ್ನಡ ಕಲಿಸುತ್ತಿವೆ.

ಬುಡದಲ್ಲಿ ಪ್ರಾಥಮಿಕ ಶಾಲೆ, ತುದಿಯಲ್ಲಿ ವಿಶ್ವವಿದ್ಯಾಲಯ ಎರಡೂ ಇವೆ. ಆದರೆ ಕೆಳಗಿನ ತರಗತಿ ಖಾಲಿಯಾದರೆ ಮೇಲಿನದೂ ಉಳಿಯದು. ನಿಮ್ಮ ಮಗುವಿಗೆ ಶಾಲೆ ಆರಿಸುವಾಗ ಹತ್ತಿರದ ಪಾಲಿಕೆ ಕನ್ನಡ ಶಾಲೆಯಲ್ಲೊಮ್ಮೆ ವಿಚಾರಿಸಿ. ಅದು ದೂರವಾದರೆ ವಾರಾಂತ್ಯದ ತರಗತಿಯನ್ನಾದರೂ ಹುಡುಕಿ.