ಕಾರವಾರ–ಹುಬ್ಬಳ್ಳಿ ರೈಲುಮಾರ್ಗ: ಗೋವಾ ಒಪ್ಪಂದಕ್ಕೆ ಮುಂಚಿನ ಹದಿಮೂರು ವರ್ಷಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದೂ ಹಳಿ ಕಾಣದೆ ಉಳಿದ ಕಾರವಾರ–ಹುಬ್ಬಳ್ಳಿ ರೈಲುಮಾರ್ಗದ ಬಗ್ಗೆ ಸಾಮಾನ್ಯವಾಗಿ ಹೇಳಲಾಗುವ ಕಾರಣ ಒಂದೇ: 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದದಿಂದಾಗಿ ರೈಲು ಗೋವಾದ ಮಾರ್ಮುಗೋವಾ ಬಂದರಿನತ್ತ ತಿರುಗಿತು, ಕಾರವಾರದ ಪಾಲಿಗೆ ಏನೂ ಉಳಿಯಲಿಲ್ಲ. ಈ ವಿವರಣೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲವಾದರೂ ಕಾಲಾನುಕ್ರಮವನ್ನು ಮುಂದಿಟ್ಟು ನೋಡಿದಾಗ ಅದು ಸಾಕಾಗುವುದಿಲ್ಲ.

ಹಿನ್ನೆಲೆಯ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯಿಂದ ಸಮುದ್ರಮಾರ್ಗವಾಗಿ ಮುಂಬಯಿಗೆ ಹೋಗುತ್ತಿದ್ದುದರಿಂದಲೇ ಆ ತಳಿಗೆ ಪೇಟೆಯಲ್ಲಿ ‘ಕುಮ್ಟಾ’ ಎಂಬ ಹೆಸರು ನಿಂತಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿಯ ರವಾನೆ ಕುಸಿದಾಗ ಮ್ಯಾಂಚೆಸ್ಟರಿನ ಗಿರಣಿದಾರರ ಕಣ್ಣು ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ ಮತ್ತು ಕಾರವಾರಗಳ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆರ್ಥರ್ ಸಿಲ್ವರ್ ಅವರ 1966ರ ಗ್ರಂಥವೂ ದ್ವಿಜೇಂದ್ರ ತ್ರಿಪಾಠಿಯವರ 1968ರ ಲೇಖನವೂ ಈ ಘಟ್ಟವನ್ನು ವಿವರವಾಗಿ ಪರಿಶೀಲಿಸಿವೆ. ಆದರೆ ತ್ರಿಪಾಠಿಯವರ ಅಧ್ಯಯನ 1865ಕ್ಕೆ ನಿಲ್ಲುತ್ತದೆ, ಒಪ್ಪಂದವನ್ನು ಮುಖ್ಯವೆನ್ನುವ ವಾದ 1878ರಿಂದ ತೊಡಗುತ್ತದೆ. ಚರ್ಚೆಗೆ ಒಳಗಾಗಬೇಕಾದದ್ದು ಇವೆರಡರ ನಡುವಿನ ಅವಧಿ.

ಆ ಹದಿಮೂರು ವರ್ಷಗಳಲ್ಲಿ ಕಾರವಾರಕ್ಕೆ ಗೋವಾದಿಂದ ಯಾವ ಪೈಪೋಟಿಯೂ ಇರಲಿಲ್ಲ. ಬಂದರು ಇತ್ತು, ಹತ್ತಿ ಇತ್ತು, ಬೇಡಿಕೆಯೂ ಇತ್ತು. ಆದರೂ ಮಾರ್ಗ ಆಗಲಿಲ್ಲ. ಹಾಗಾದರೆ ತಡೆ ಬೇರೆಡೆ ಇದ್ದಿರಬೇಕು. ಮೊದಲನೆಯದು ಬೆಲೆ: 1865ರಲ್ಲಿ ಅಮೆರಿಕದ ಯುದ್ಧ ಮುಗಿಯುತ್ತಲೇ ಹತ್ತಿಯ ದರ ನೆಲಕಚ್ಚಿತು, ಮ್ಯಾಂಚೆಸ್ಟರಿನ ಆತುರವೂ ತಣ್ಣಗಾಯಿತು. ಎರಡನೆಯದು, ಇದುವರೆಗೆ ತಕ್ಕಷ್ಟು ಗಮನ ಪಡೆಯದ ಬೆಳೆಯ ಪಂಚಾಂಗ. ಕುಮ್ಟಾ ಹತ್ತಿಯನ್ನು ಮುಂಗಾರು ತಗ್ಗುವ ಹೊತ್ತಿಗೆ ಬಿತ್ತಿ ಫೆಬ್ರವರಿಯಿಂದ ಬಿಡಿಸುತ್ತಿದ್ದರು. ಜೂನಿನಲ್ಲಿ ಮಳೆ ಹಿಡಿದರೆ ಘಟ್ಟದ ದಾರಿ ಕೆಸರಾಗಿ ಕರಾವಳಿಯ ಹಾಯಿಹಡಗುಗಳೂ ನಿಲ್ಲುತ್ತಿದ್ದವು. ಇಡೀ ವರ್ಷದ ಸಾಗಣೆ ಮೂರು ನಾಲ್ಕು ತಿಂಗಳಲ್ಲಿ ಮುಗಿಯಬೇಕಾದ ಈ ಒತ್ತಡವೇ ರೈಲನ್ನು ಅಪೇಕ್ಷಣೀಯವಾಗಿಸಿತು. ಅದೇ ಕಾರಣಕ್ಕೆ, ಸಹ್ಯಾದ್ರಿಯನ್ನು ಕೊರೆದು ಕಟ್ಟುವ ದುಬಾರಿ ಮಾರ್ಗಕ್ಕೆ ಉಳಿದ ತಿಂಗಳುಗಳಲ್ಲಿ ಹೊರೆ ಸಿಗುವುದೇ ಎಂಬ ಸಂಶಯವೂ ಎದ್ದಿರಬಹುದು.

ಹಾಗಿದ್ದರೆ ಮಾರ್ಮುಗೋವಾ ಮಾರ್ಗ ಹೇಗೆ ಸಾಧ್ಯವಾಯಿತು? ಅದೂ ಅದೇ ಘಟ್ಟವನ್ನು ಇಳಿಯಬೇಕಿತ್ತು. ಇಲ್ಲಿ ‘ಖಾತ್ರಿ ಬಡ್ಡಿ’ಯ ಪದ್ಧತಿ, ಅಂದರೆ ರೈಲು ಕಂಪನಿಯ ಬಂಡವಾಳಕ್ಕೆ ನಿಗದಿತ ಬಡ್ಡಿ ಸಿಗುವುದೆಂದು ಸರ್ಕಾರವೇ ಹೊಣೆ ಹೊರುವ ಏರ್ಪಾಡು, ನಿರ್ಣಾಯಕವಾಗಿ ತೋರುತ್ತದೆ. ಕಾರವಾರದ ಮಾರ್ಗವಾಗಿದ್ದರೆ ಘಟ್ಟದ ಖರ್ಚಿನ ಭಾರ ಹೇಗಾದರೂ ಭಾರತದ ಬೊಕ್ಕಸದ ಮೇಲೆಯೇ ಬೀಳುತ್ತಿತ್ತು, ಅದೂ 1876–78ರ ಮಹಾಕ್ಷಾಮದ ಬೆನ್ನಲ್ಲೇ. ಗೋವಾದ ಮಾರ್ಗ ಕಟ್ಟಿದ ಕಂಪನಿಯ ಹೆಸರೇ ‘ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ’: ಬಂಡವಾಳ ಬ್ರಿಟಿಷರದು, ಖಾತ್ರಿ ಪೋರ್ಚುಗಲ್‌ನದು. ಬಯಲುಸೀಮೆಯಿಂದ ಗಡಿಯವರೆಗಿನ ಭಾಗವನ್ನು 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜಿನಲ್ಲಿ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿಟ್ಟು, ಕಟ್ಟಿತು. ಹೀಗಾಗಿ ಒಪ್ಪಂದವು ಕಾರವಾರದ ಯೋಜನೆಯನ್ನು ಕೊಂದಿತು ಎನ್ನುವುದಕ್ಕಿಂತ, ಹೊಣೆ ಹೊರುವವರಿಲ್ಲದೆ ನಿಂತಿದ್ದ ಯೋಜನೆಗೆ ಬದಲಾಗಿ ಹೊಣೆಗಾರನಿದ್ದ ಇನ್ನೊಂದನ್ನು ಒದಗಿಸಿತು ಎನ್ನುವುದು ಹೆಚ್ಚು ಸರಿಯಾದೀತು.

ಈ ತೀರ್ಮಾನಕ್ಕೆ ಮಿತಿಗಳಿವೆ. ಹಣದ ಲೆಕ್ಕವೊಂದೇ ಎಲ್ಲವನ್ನೂ ನಿರ್ಧರಿಸಿತು ಎಂಬುದು ಇಲ್ಲಿಯ ವಾದವಲ್ಲ. ಬಂದರುಗಳ ಆಳ, ಪೋರ್ಚುಗಲ್‌ನೊಂದಿಗಿನ ಸುಂಕದ ಹೊಂದಾಣಿಕೆ, ರಾಜತಾಂತ್ರಿಕ ಲಾಭ ಇವುಗಳ ಪಾಲೂ ಇದ್ದೇ ಇತ್ತು. ಬೆಳೆಯ ಪಂಚಾಂಗ ಅಂದಿನ ಅಧಿಕಾರಿಗಳ ಲೆಕ್ಕಾಚಾರದಲ್ಲಿ ಎಷ್ಟು ತೂಗಿತು ಎಂಬುದು ಸದ್ಯಕ್ಕೆ ಊಹೆಯೇ. ರೈಲು ನೇರವಾಗಿ ಕಡಲಿಗಿಳಿದರೆ ತಮ್ಮ ಪಾಲು ತಪ್ಪೀತೆಂದು ಮುಂಬಯಿಯ ವರ್ತಕರು ಕಾರವಾರವನ್ನು ವಿರೋಧಿಸಿದರೇ ಎಂಬ ಪ್ರಶ್ನೆ ಬೇರೆಯೇ ಅಧ್ಯಯನವನ್ನು ಬೇಡುತ್ತದೆ. 1888ರಲ್ಲಿ ರೈಲು ಮಾರ್ಮುಗೋವಾ ತಲುಪಿದಾಗ ಅದು ಘಟ್ಟವಿಳಿಯತೊಡಗಿದ್ದು ಉತ್ತರ ಕನ್ನಡ ಜಿಲ್ಲೆಯೊಳಗಿನ ಕ್ಯಾಸಲ್‌ರಾಕ್‌ನಿಂದ; ಆ ಹಳಿಗಳಿಗೆ ಕಾಡು, ಕೂಲಿ, ಜಮೀನು ಕೊಟ್ಟ ಜಿಲ್ಲೆಯ ಜನ ಈ ತಿರುವನ್ನು ಹೇಗೆ ಕಂಡರೆಂಬುದನ್ನು ಕುಮಟೆ ಮತ್ತು ಹುಬ್ಬಳ್ಳಿಯ ವರ್ತಕ ಮನೆತನಗಳ ಕನ್ನಡ, ಕೊಂಕಣಿ ಕಡತಗಳಲ್ಲಿ ಹುಡುಕಬೇಕಾಗಿದೆ.