ರೈಲು
ರೈಲು: ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ನಾಮಪದ, ಮೂಲದಲ್ಲಿ ಅಡ್ಡಪಟ್ಟಿ ಅಥವಾ ಕಬ್ಬಿಣದ ಹಳಿ, ಕನ್ನಡದಲ್ಲಿ ಹಳಿಯ ಮೇಲೆ ಓಡುವ ಗಾಡಿ. ನೇರ ಕೋಲು, ಅಳತೆಪಟ್ಟಿ ಎಂಬರ್ಥದ ಲ್ಯಾಟಿನ್ ಪದ ‘ರೆಗುಲ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಈ ರೂಪ ತಾಳಿತು. ‘ರೂಲ್’, ‘ರೆಗ್ಯುಲರ್’ ಅದೇ ಬೇರಿನವು. ನೆಟ್ಟಗಿರುವುದು ಎಂಬರ್ಥದ ಸಂಸ್ಕೃತದ ‘ಋಜು’ ದೂರದ ಜ್ಞಾತಿಪದ. ಇಂಗ್ಲಿಷಿನಲ್ಲಿ ಇದೇ ಹೆಸರಿನ ಜೌಗು ಹಕ್ಕಿಯೊಂದಿದೆ, ಅದರ ಮೂಲ ಬೇರೆ.

ಕನ್ನಡದ ಅರ್ಥವನ್ನು ತಪ್ಪು ಗ್ರಹಿಕೆಯ ಫಲವೆನ್ನಲಾಗದು. ರಾಯಚೂರು–ವಾಡಿ ಮಾರ್ಗದ ಸೈದಾಪುರ ನಿಲ್ದಾಣದಲ್ಲಿ ‘ರೈಲು ಬಂತು’ ಎಂದರೆ ಬಂದದ್ದು ಗಾಡಿ. ಅದು ಹೊರಟ ಮೇಲೆ ಬಿಸಿಲಿಗೆ ಹೊಳೆಯುತ್ತ ಉಳಿಯುವುದು ಹಳಿ, ಕಂಬಿ. ಎತ್ತಿನಗಾಡಿಯ ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿಗೂ ‘ಹಳಿ’ ಎಂಬುದೇ ಹೆಸರು. ಪಟ್ಟಿಗೆ ಸ್ವಂತ ಮಾತಿದ್ದ ಭಾಷೆಗೆ ಬೇಕಾಗಿದ್ದದ್ದು ಹೊಸ ವಾಹನದ ಹೆಸರು. ಇದು ‘ರೈಲುಗಾಡಿ’ಯ ಮೊಟಕು ರೂಪವಷ್ಟೇ ಎಂಬ ಆಕ್ಷೇಪ ಸರಿಯಾದುದೇ, ಆದರೆ ‘ಗಾಡಿ’ ಬಿದ್ದುಹೋದರೂ ಅರ್ಥ ಗೊಂದಲವಾಗದಿರಲು ಕಾರಣ, ಹಳಿಯ ಅರ್ಥ ಕನ್ನಡದಲ್ಲಿ ಈ ಪದಕ್ಕೆ ಅಂಟಿಕೊಳ್ಳದೇ ಇದ್ದದ್ದು. ‘ರೈಲು ಹಳಿ ತಪ್ಪಿತು’ ಎಂಬ ವಾಕ್ಯದಲ್ಲಿ ಎರಡೂ ಪದಗಳು ತಮ್ಮ ತಮ್ಮ ಜಾಗದಲ್ಲಿವೆ. ಕೊನೆಯ ಉಕಾರ, ‘ರೈಲಿಗೆ’, ‘ರೈಲಿನಲ್ಲಿ’ ಎಂಬ ವಿಭಕ್ತಿರೂಪಗಳು ಪೂರ್ಣ ಕನ್ನಡದವು.